ಪರದೆರಾಯರು ಲಂಗರು ಹಾಕಿದ್ದು

ಹಾಯಿ ಎಂದರೇನು? ಗಾಳಿಗೆ ಕಟ್ಟಿದ ಪರದೆ. ಅರ್ಧ ಆಯುಷ್ಯ ಪರದೆ ಮಾರಿಕೊಂಡೇ ಬಂದವನಿಗೆ ಹಾಯಿದೋಣಿ ನಡೆಸುವುದು ಯಾವ ಮಹಾ ವಿದ್ಯೆ?

ಈ ತರ್ಕದ ಬಲದ ಮೇಲೆ, ಪೇಟೆ ಬೀದಿಯ ತಿರುವಿನಲ್ಲಿ ಕಿಟಕಿ ಬಾಗಿಲುಗಳ ಪರದೆ ಅಂಗಡಿ ಇಟ್ಟಿದ್ದ ನಮ್ಮ ಪರದೆರಾಯರು ಒಂದು ಹಳೆಯ ಹಾಯಿದೋಣಿಯನ್ನು ಕೊಂಡೇಬಿಟ್ಟರು. ಹೆಂಡತಿಗೆ ತಿಳಿಸಿದ್ದು ಕೊಂಡ ಮೇಲೆ. ಷಡ್ಡಕನಿಗೆ ತಿಳಿಸಿದ್ದು ಕೊಳ್ಳುವುದಕ್ಕೆ ಮೊದಲೇ. ದೋಣಿ ಯಾರ ಸಲುವಾಗಿ ಬಂತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ನೆಲಕ್ಕೆ ಹಾಸುವ ಟೈಲ್ಸ್ ವ್ಯಾಪಾರಿ. ರಾಯರನ್ನು ಕಂಡಾಗಲೆಲ್ಲ "ಏನಪ್ಪಾ ಪರದೆ, ಹೇಗಿದ್ದೀಯಾ?" ಎಂದು ಬೆನ್ನು ತಟ್ಟುವವನು. ಮೊನ್ನೆ ಮಾವನವರ ಎದುರಿಗೆ ಊಟಕ್ಕೆ ಕೂತಾಗ ಆತ ತನ್ನ ಹೊಸ ಕಾರಿನ ವರ್ಣನೆಯನ್ನು ಮೊದಲ ತುತ್ತಿಗೆ ಹಿಡಿದು ಕೈ ತೊಳೆಯುವವರೆಗೂ ಬಿಡಲಿಲ್ಲ. ಮಾವನವರು ರೈಲ್ವೆಯಲ್ಲಿ ಗಾರ್ಡಾಗಿದ್ದವರು, ಮಿತಭಾಷಿ. ಅವರು ಕಾರಿಗೆ ಎರಡು ಸಲ ತಲೆಯಾಡಿಸಿದರು. ಮೂರನೆಯ ಸಲ ಆಡಿಸುವಷ್ಟರಲ್ಲಿ ಪರದೆರಾಯರ ಬಾಯಿಂದ ಮಾತು ಜಾರಿತು:

"ನಂದೊಂದು ಹಾಯಿದೋಣಿ ಇದೆ ಮಾವ. ಕೊಲ್ಲೀಲಿ ಸ್ವಂತ ಜಾಗ ಮಾಡಿ ನಿಲ್ಸಿದ್ದೀನಿ. ಭಾನುವಾರ ಬನ್ನಿ, ದೋಣಿ ಮೇಲೇ ಟೀ ಕುಡಿಯೋಣ."

ದೋಣಿಯನ್ನು ಮರುದಿನವೇ ಕೊಂಡು ಆ ಅರ್ಧ ಮಾತನ್ನು ನಿಜ ಮಾಡಿದರು. ಉಳಿದರ್ಧ, ಎಂದರೆ ಸ್ವಂತ ಜಾಗ, ಶನಿವಾರ ಬೆಳಗಿನವರೆಗೂ ಸುಳ್ಳಾಗಿಯೇ ಉಳಿದಿತ್ತು. ದೋಣಿ, ಮೀನುಗಾರರು ದೋಣಿ ಕಟ್ಟುವ ದಕ್ಕೆಯಲ್ಲಿ ಎರಡು ದೊಡ್ಡ ಮೀನುದೋಣಿಗಳ ನಡುವೆ, ಬಸ್ಸಿನಲ್ಲಿ ಮೂರನೆಯವನಾಗಿ ಕೂತವನ ಹಾಗೆ ಮುದುಡಿ ನಿಂತಿತ್ತು. ಬಂದರಿನ ಕಚೇರಿಯ ಗುಮಾಸ್ತ ಅಲ್ಲಿಗೆ ಬಂದ.

"ಯಾರದ್ರೀ ಈ ದೋಣಿ? ನಾಳೆ ಸಂಜೆ ಜೋರು ಗಾಳಿ ಬರುತ್ತೆ. ಮೀನುದೋಣಿಗಳೆಲ್ಲ ಇಲ್ಲೇ ಬಂದು ನಿಲ್ತವೆ. ಇವತ್ತು ಮಧ್ಯಾಹ್ನದೊಳಗೆ ತೆಗೀಬೇಕು."

"ತೆಗೆದು ಎಲ್ಲಿ ಕಟ್ಲಿ?"

"ಎಲ್ಲಿ ಅಂತ ಹೇಳೋದು ನನ್ನ ಕೆಲಸ ಅಲ್ಲ. ಇಲ್ಲಿ ಬೇಡ ಅನ್ನೋದಷ್ಟೇ ನನ್ನ ಕೆಲಸ."

ಹೀಗೆ ಸರ್ಕಾರ ತನ್ನ ಪಾಲಿನ ಕರ್ತವ್ಯ ಮುಗಿಸಿತು. ರಾಯರು ಅಂಗಡಿಗೆ ಓಡಿ, ಅಳತೆಯ ಉದ್ದನೆಯ ಟೇಪನ್ನೂ ಪರದೆ ಗಾಳಿಗೆ ಹಾರದಂತೆ ಅಂಚಿಗೆ ಹೊಲಿಯುವ ಸೀಸದ ಗುಂಡೊಂದನ್ನೂ ತಂದರು. ಟೇಪಿನ ತುದಿಗೆ ಗುಂಡು ಕಟ್ಟಿ, ತಲೆಗೆ ಟೋಪಿ ಇಟ್ಟು, ದೋಣಿಯ ಜೊತೆಗೆ ಬಂದಿದ್ದ ಪುಟ್ಟ ಕೈದೋಣಿಯಲ್ಲಿ ಕೂತು ಹುಟ್ಟು ಹಾಕಿಕೊಂಡು ಹೊರಟರು.

ಆ ಕೊಲ್ಲಿ ಹೊರಗೆ ಅಗಲ, ಒಳಗೆ ಹೋದಂತೆ ಕಿರಿದು. ಒಳಗಿನ ತುದಿಯಲ್ಲಿ ಎಡಕ್ಕೆ ಗುಡ್ಡ, ಗುಡ್ಡದ ಬುಡದಲ್ಲಿ ಮೀನು ಹಿಡಿಯುವವರ ಸಾಲುಮನೆಗಳು. ಬಲಕ್ಕೆ ಹೊಳೆ ಬಂದು ಸೇರುವ ಮೂಲೆ, ಅಲ್ಲೊಂದು ಐಸ್ ಫ್ಯಾಕ್ಟರಿ. ಎರಡರ ನಡುವೆ, ಈಚೆ ದಡದಿಂದ ಕೂಗಿದರೆ ಆಚೆ ದಡಕ್ಕೆ ಕೇಳುವಷ್ಟು ನೀರು. ಹೊರಗಿನ ಬಯಲು ನೀರಲ್ಲಿ ಗಾಳಿಗೆ ಮರೆಯೇ ಇಲ್ಲ. ಹಾಗಾಗಿ ಆಯ್ಕೆ ಎರಡೇ: ಗುಡ್ಡದ ಬುಡ, ಇಲ್ಲವೇ ಹೊಳೆಯ ಮೂಲೆ.

ಒಂದು ಸಂಗತಿ ಮಾತ್ರ ರಾಯರಿಗೆ ತಿಳಿದಿರಲಿಲ್ಲ. ಆ ಕೊಲ್ಲಿಯಲ್ಲಿ ಸರ್ಕಾರ ಒಂದು ದೊಡ್ಡ ದಕ್ಕೆ ಕಟ್ಟುತ್ತದೆ, ಜಾಗ ಅಳೆಯುವುದಕ್ಕೆ ಒಬ್ಬ ಆಫೀಸರು ಬರುತ್ತಾನೆ ಎಂಬ ಮಾತು ವರ್ಷಗಳಿಂದ ಓಡಾಡುತ್ತಿತ್ತು. ಗುಡ್ಡದವರಿಗೆ ಅದು ಮನೆ ಕಳೆದುಕೊಳ್ಳುವ ಭಯ. ಐಸ್ ಫ್ಯಾಕ್ಟರಿಯವನಿಗೆ ಅದು ಹಗಲುಗನಸು.

ಗುಡ್ಡದ ಬುಡದಲ್ಲಿ ರಾಯರು ಟೇಪು ಇಳಿಬಿಟ್ಟರು. ಒಳ್ಳೆಯ ಆಳ. ಗುಂಡಿಗೆ ಮರಳು ಮೆತ್ತಿ ಬಂತು. ಗಾಳಿ ಇಲ್ಲ, ಅಲೆ ಇಲ್ಲ, ನೀರು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಮೆಟ್ಟಿಲ ಮೇಲೆ ಕೂತು ಬಲೆ ಹೆಣೆಯುತ್ತಿದ್ದ ಹೆಂಗಸು ತಲೆಯೆತ್ತಿದಳು. ಆಕೆಯನ್ನು ಅಲ್ಲಿಯವರೆಲ್ಲ ಬಲೆಯಕ್ಕ ಎನ್ನುತ್ತಿದ್ದರು. ಆ ಸಾಲಿನಲ್ಲಿ ಆಕೆಯದೇ ಕೊನೆಯ ಮಾತು.

"ಏನು ಅಳೀತಿದ್ದೀರಿ?"

"ಆಳ ನೋಡ್ತಿದ್ದೆ. ಒಳ್ಳೇ ಜಾಗ ಹುಡುಕ್ತಿದ್ದೀನಿ. ಇಲ್ಲೇ ಹಾಕಿಬಿಡೋಣ ಅನಿಸ್ತಿದೆ. ನಿಮಗೇನೂ ತೊಂದ್ರೆ ಇಲ್ಲ ತಾನೇ?"

ಬಲೆಯಕ್ಕನ ಕೈಯಲ್ಲಿದ್ದ ದಾರ ನಿಂತಿತು. "ಇಲ್ಲಿ ಹಾಕಿದ್ರೆ... ನಮ್ಮ ಮನೆಗಳು?"

ದೋಣಿ ತಿರುಗಿ ಮನೆಗೆ ತಾಕೀತೆಂದು ಪಾಪ ಹೆದರುತ್ತಿದ್ದಾಳೆ ಎಂದುಕೊಂಡರು ರಾಯರು. "ಮನೆಗಳೇನು ಅಡ್ಡ ಬರಲ್ಲ ಬಿಡಿ. ಸ್ವಲ್ಪ ಆಚೆ ಈಚೆ ಸರಿದ್ರೂ ನಡೆಯುತ್ತೆ!" ಎಂದು ಧೈರ್ಯ ಹೇಳಿದರು.

ಆ ಧೈರ್ಯ ಕೇಳಿ ಸಾಲುಮನೆಗಳ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು.

"ಇಲ್ಲೆಲ್ಲಾ ಬಂಡೆ!" ಎಂದಳು ಬಲೆಯಕ್ಕ, ಎದ್ದು ನಿಂತು. "ಮೇಲೆ ಕಾಣಲ್ಲ. ಒಳಗೆ ಹಲ್ಲು ಇದ್ದ ಹಾಗೆ ಇವೆ."

"ಸುಳೀನೂ ಇದೆ," ಎಂದ ಪಕ್ಕದ ಮನೆಯ ಮುದುಕ. "ಹಿಂದೆ ಒಬ್ಬ ಇಲ್ಲೇ ದೋಣಿ ನಿಲ್ಸಿದ್ದ. ಬೆಳಿಗ್ಗೆ ಬಂದು ನೋಡ್ತಾನೆ, ಹಗ್ಗ ಮಾತ್ರ ಇತ್ತು."

"ಹಗ್ಗಾನೂ ಇರ್ಲಿಲ್ಲ!" ಎಂದು ಇನ್ನೊಬ್ಬಳು ತಿದ್ದಿದಳು. "ಒಳ್ಳೇ ಜಾಗ ಬೇಕಂದ್ರೆ ಆ ಕಡೆ ಹೋಗಿ. ಐಸ್ ಫ್ಯಾಕ್ಟರಿ ಹತ್ರ."

ಗಿರಾಕಿಯ ಬಾಯಿಮಾತು ನಂಬಿ ಅಳತೆ ಬಿಟ್ಟರೆ ಪರದೆ ಮೊಣಕಾಲಿಗೇ ನಿಲ್ಲುತ್ತದೆ ಎಂಬುದು ಅಂಗಡಿಯಲ್ಲಿ ರಾಯರೇ ಎಲ್ಲರಿಗೂ ಹೇಳುವ ಮಾತು. ಆದರೆ ಅಂಗಡಿಯ ಜ್ಞಾನ ನೀರಿನವರೆಗೆ ಬರಲಿಲ್ಲ. ಟೇಪು ಹೇಳಿದ್ದನ್ನು ಬಿಟ್ಟು ಜನ ಹೇಳಿದ್ದನ್ನು ಹಿಡಿದು, ಕೈ ಮುಗಿದು, ಅವರು ಆಚೆ ದಡಕ್ಕೆ ಹುಟ್ಟು ಹಾಕಿದರು.

ಅವರಿಗಿಂತ ಮುಂಚೆ ಸುದ್ದಿ ಅಲ್ಲಿಗೆ ತಲುಪಿಯಾಗಿತ್ತು. ಐಸ್ ಫ್ಯಾಕ್ಟರಿಯ ಮಾಲೀಕ ನೀರಿನಂಚಿಗೇ ಕುರ್ಚಿ ತರಿಸಿ, ಕುರ್ಚಿಯ ಮೇಲೆ ಟವೆಲ್ ಹಾಸಿ, ಪಕ್ಕದಲ್ಲಿ ತಂಪು ಶರಬತ್ತು ಹಿಡಿದು ನಿಂತಿದ್ದ.

"ಬನ್ನಿ ಸಾರ್, ಬನ್ನಿ! ಎಷ್ಟು ವರ್ಷದಿಂದ ಕಾಯ್ತಿದ್ದೀವಿ ಸಾರ್!"

ದೋಣಿ ಕೊಂಡವರಿಗೆ ಇಷ್ಟು ಮರ್ಯಾದೆ ಎಂದು ಗೊತ್ತಿದ್ದರೆ ಎಂದೋ ಕೊಳ್ಳಬಹುದಿತ್ತು ಎನಿಸಿತು ರಾಯರಿಗೆ. "ಇಲ್ಲಿ ಆಳ ಹೇಗೆ?"

"ಬಾವಿ ಸಾರ್, ಬಾವಿ! ಕೆಳಗೆ ಭೂಮಿ ಇದೆಯೋ ಇಲ್ವೋ ಅನ್ನೋದೇ ಅನುಮಾನ."

ರಾಯರು ಟೇಪು ಬಿಟ್ಟರು. ಉಬ್ಬರ ತುಂಬಿ ನಿಂತ ಹೊತ್ತು ಅದು. ಟೇಪು ಚೆನ್ನಾಗಿಯೇ ಇಳಿಯಿತು. ಮಾಲೀಕ ಬಗ್ಗಿ ಕಿವಿಯಲ್ಲಿ ಉಸುರಿದ: "ಹಾಗಾದ್ರೆ ಸರ್ಕಾರದ ದಕ್ಕೆ ನಮ್ಮ ಕಡೇನೇ ಅಂತ ಇಟ್ಕೊಳ್ಳಲಾ ಸಾರ್?"

ಈಗ ರಾಯರಿಗೆ ವಿಷಯ ತಿಳಿಯಿತು. 'ಅಯ್ಯೋ, ನಾನು ಆಫೀಸರಲ್ಲ' ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮಾಲೀಕ ಕೆಲಸದವರತ್ತ ತಿರುಗಿ, "ಏಯ್, ಸಾಹೇಬರ ದೋಣಿ ದಕ್ಕೇಲಿದೆಯಂತೆ! ಹೋಗಿ ತಂದು ಇಲ್ಲಿ ಕಟ್ರೋ!" ಎಂದು ಕೂಗಿದ. ತೆರೆದ ಬಾಯಿಗೆ ಶರಬತ್ತು ಬಂತು. ಬಾಯಿ ಮುಚ್ಚಿಕೊಂಡಿತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಎಲ್ಲವನ್ನೂ ಕೇಳಿ, "ರೀ, ನಾಳೇನೇ ಹೋಗಿ ಅವರಿಗೆ ನಿಜ ಹೇಳ್ಬಿಡಿ," ಎಂದರು.

"ನಾನೇನು ಆಫೀಸರ್ ಅಂತ ಹೇಳಿದ್ನಾ? ಅಂದುಕೊಂಡೋರು ಅವರು."

"ನೀವು ಅಲ್ಲ ಅಂತಾನೂ ಹೇಳ್ಲಿಲ್ವಲ್ಲ."

ಇದಕ್ಕೆ ರಾಯರ ಬಳಿ ಉತ್ತರವಿತ್ತು. ಆದರೆ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಅದೇ ದಿನ ಮಧ್ಯಾಹ್ನ ನೀರಿಳಿದಾಗ ಅವರ ದೋಣಿ ಹೊಳೆಯ ಕೆಸರಿನಲ್ಲಿ ಪಕ್ಕಕ್ಕೆ ಒರಗಿ ಮಲಗಿತ್ತೆಂದು ಅವರಿಗೆ ಗೊತ್ತಾಗಲಿಲ್ಲ. ನೋಡಿದವನು ಐಸ್ ಫ್ಯಾಕ್ಟರಿಯ ಮಾಲೀಕನೊಬ್ಬನೇ. ಅವನು ಆ ಕಡೆಯ ಕಿಟಕಿ ಮುಚ್ಚಿಸಿ ಸುಮ್ಮನಾದ.

ಭಾನುವಾರ ಬೆಳಿಗ್ಗೆ ಉಬ್ಬರದ ನೀರಿನ ಮೇಲೆ ದೋಣಿ ಹಂಸದ ಹಾಗೆ ತೇಲುತ್ತಿತ್ತು. ಷಡ್ಡಕ ಮಾವನವರನ್ನು ಕಾರಿನಲ್ಲಿ ಕರೆತಂದ. ಅವನ ಹೆಂಡತಿ ದೋಣಿಯ ಫೋಟೋ ನೋಡಿಯೇ ತಲೆ ಸುತ್ತಿ ಮನೆಯಲ್ಲಿ ಉಳಿದಿದ್ದಳು. "ಏನಪ್ಪಾ ಪರದೆ, ಇದೇನಾ ನಿನ್ನ ಹಡಗು?" ಎನ್ನುತ್ತ ಇಳಿಯುವಷ್ಟರಲ್ಲಿ ಮಾಲೀಕ ಎದುರು ಬಂದ.

"ಸಾಹೇಬರ ಕಡೆಯವರಾ? ಪುಣ್ಯವಂತರು ಸಾರ್ ನೀವು! ಈ ಕೊಲ್ಲಿ ಹಣೆಬರಹವೆಲ್ಲ ಸಾಹೇಬರ ಕೈಲಿದೆ. ಸರ್ಕಾರ ಗುಟ್ಟಾಗಿ ಕಳಿಸಿದೆ. ಪೇಟೇಲಿ ವಿಚಾರಿಸ್ದೆ ಸಾರ್, ಆ ಪರದೆ ಅಂಗಡಿ ಎಲ್ಲ ಹೊರಗೆ ತೋರ್ಸೋಕೆ!"

ಷಡ್ಡಕ ರಾಯರನ್ನು ಮೇಲಿಂದ ಕೆಳಗೆ ನೋಡಿದ. ಮತ್ತೊಮ್ಮೆ ಕೆಳಗಿಂದ ಮೇಲೆ ನೋಡಿದ. ಆಮೇಲೆ ಅವನ ಬಾಯಿಂದ ಹೊರಟ ಮಾತು ರಾಯರ ಮದುವೆಯಾದಂದಿನಿಂದ ಹೊರಟಿರಲಿಲ್ಲ:

"ನೀವು... ಮುಂದೆ ನಡೀರಿ."

ಏಕವಚನದಿಂದ ಬಹುವಚನಕ್ಕೆ ಬಡ್ತಿ! ರಾಯರ ಹೆಂಡತಿ ಕಣ್ಣಲ್ಲೇ 'ಈಗಲಾದರೂ ಹೇಳಿ' ಎಂದರು. ಬಡ್ತಿ ಸಿಕ್ಕ ಗಳಿಗೆಯಲ್ಲೇ ರಾಜೀನಾಮೆ ಕೊಡುವ ನೌಕರ ಎಲ್ಲಿದ್ದಾನೆ? ರಾಯರು ಮುಂದೆ ನಡೆದರು.

ಕೈದೋಣಿಯಲ್ಲಿ ಎರಡು ಸರ್ತಿ ಓಡಾಡಿ ನಾಲ್ವರೂ ಹಾಯಿದೋಣಿ ಹತ್ತಿದರು. ಫ್ಲಾಸ್ಕಿನಿಂದ ಟೀ ಬಗ್ಗಿಸಿದ್ದಾಯಿತು. ರಾಯರು ಹಾಯಿ ತೋರಿಸಿ ಬಟ್ಟೆಯ ಗುಣ ವಿವರಿಸಿದರು. ಷಡ್ಡಕ ಪ್ರತಿ ಮಾತಿಗೂ "ಹೌದಾ? ನಿಮಗೆ ಗೊತ್ತಿರದೇ ಇರುತ್ತಾ?" ಎಂದ. ಮಾತು ಬೆಳೆಯಿತು, ಬಿಸಿಲು ಏರಿತು. ಎರಡನೆಯ ಸಲ ಟೀ ಕುಡಿಯುವಾಗ ಮಾವನವರು ತಮ್ಮ ಲೋಟವನ್ನೇ ನೋಡುತ್ತ ಹೇಳಿದರು:

"ಲೋಟದಲ್ಲಿ ಟೀ ಓರೆಯಾಗಿದೆ."

ಟೀ ನೆಟ್ಟಗೇ ಇತ್ತು. ಓರೆಯಾಗಿದ್ದು ದೋಣಿ.

ರಾಯರು ಬಗ್ಗಿ ನೋಡಿದರು. ಬಾವಿ ಮಾಯವಾಗಿ, ಸುತ್ತಲೂ ಕಪ್ಪು ಕೆಸರು ಎಮ್ಮೆಯ ಬೆನ್ನಿನ ಹಾಗೆ ಎದ್ದು ನಿಂತಿತ್ತು. "ಲಂಗರು ಗಟ್ಟಿ ಹಿಡಿದಿದೆ, ಅದಕ್ಕೆ," ಎಂದರು. ದೋಣಿ ನರಳುತ್ತ ಇನ್ನಷ್ಟು ವಾಲಿತು. ಫ್ಲಾಸ್ಕು ಉರುಳಿ ಕೆಸರಿಗೆ ಬಿದ್ದು, ಒಂದು ಗುಳ್ಳೆ ಬಿಟ್ಟು ಕಾಣೆಯಾಯಿತು. ನಾಲ್ವರೂ ಎತ್ತರದ ಅಂಚಿಗೆ ಹಲ್ಲಿಗಳಂತೆ ಕಚ್ಚಿಕೊಂಡರು.

"ಇಳಿದು ನಡೆದ್ರಾಯ್ತು," ಎಂದು ಷಡ್ಡಕ ಒಂದು ಕಾಲು ಕೆಳಗಿಟ್ಟ. ಕಾಲು ತೊಡೆಯವರೆಗೆ ಹೋಯಿತು. ಮೂವರು ಹಿಡಿದು ಎಳೆದಾಗ ಕಾಲು ವಾಪಸು ಬಂತು, ಬೂಟು ಬರಲಿಲ್ಲ. ಕೈದೋಣಿಯೂ ಕೆಸರಿನಲ್ಲಿ ಹೂತು ಕೂತಿತ್ತು. ದಡದಲ್ಲಿ ನಿಂತ ಮಾಲೀಕ ಎರಡೂ ಕೈ ಬೀಸಿ, "ಹೆದರ್ಬೇಡಿ ಸಾರ್! ಇವತ್ತೊಂದಿನ ಹೀಗೆ! ರಿಪೋರ್ಟಲ್ಲಿ ಹಾಕ್ಬೇಡಿ!" ಎಂದು ಕೂಗುತ್ತಿದ್ದ.

ಅಷ್ಟರಲ್ಲಿ ಕೊಲ್ಲಿಯ ಬಾಯಿಯ ಕಡೆ ಆಕಾಶ ಕಪ್ಪಾಯಿತು. ಸಂಜೆಗೆಂದಿದ್ದ ಗಾಳಿ ಮಧ್ಯಾಹ್ನವೇ ಹೊರಟಿತ್ತು. ನೀರು ಮತ್ತೆ ಏರತೊಡಗಿತು. ಆದರೆ ಈಗ ಅದು ಸದ್ದಿಲ್ಲದ ನೀರಲ್ಲ. ಗಾಳಿ ಅಟ್ಟಿಸಿಕೊಂಡು ಬಂದ ನೀರು. ವಾಲಿ ಮಲಗಿದ ದೋಣಿ ಎದ್ದು ತೇಲುವ ಮೊದಲೇ ನೀರು ಕೆಳಗಿನ ಅಂಚಿನಿಂದ ಒಳಗೆ ಹರಿಯತೊಡಗಿತು. ಹೆಂಡತಿ ಸೆರಗು ಬಿಗಿದು ತಿಂಡಿ ತಂದಿದ್ದ ಪಾತ್ರೆಯಲ್ಲೇ ನೀರು ಮೊಗೆದು ಎಸೆಯತೊಡಗಿದರು. ಒಂದು ಪಾತ್ರೆ ಹೊರಗೆ ಹೋದರೆ ಎರಡು ಪಾತ್ರೆ ಒಳಗೆ ಬರುತ್ತಿತ್ತು.

ಎದುರು ದಡದಲ್ಲಿ ಗುಡ್ಡದವರು ದೋಣಿಗಳನ್ನು ಬಿಗಿಯುತ್ತಿದ್ದರು. ರಾಯರು ಟೋಪಿ ಬೀಸಿದರು. "ಅಕ್ಕಾ! ಮುಳುಗ್ತಿದ್ದೀವಿ! ಹಗ್ಗ ಕೊಡಿ!"

ಬಲೆಯಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಮ್ಮ ಮನೆ ಕೀಳೋಕೆ ಬಂದೋರಿಗೆ ನಾವ್ಯಾಕೆ ಹಗ್ಗ ಕೊಡ್ಬೇಕು? ಟೇಪು ಇದೆಯಲ್ಲ, ಕೆಸರು ಎಷ್ಟಿದೆ ಅಳೀರಿ!"

ಇಲ್ಲಿಗೆ ನಿಂತಿದ್ದರೆ ಏನಾದರೂ ಮಾಡಬಹುದಿತ್ತು. ಆದರೆ ಷಡ್ಡಕ ಒಂಟಿ ಬೂಟಿನಲ್ಲಿ ಎದ್ದು ನಿಂತು ಗರ್ಜಿಸಿದ: "ಏಯ್! ಇವರು ಯಾರು ಗೊತ್ತಾ? ಸರ್ಕಾರದ ಅಳತೆ ಸಾಹೇಬರು! ಈಗ್ಲೇ ಬರ್ಲಿಲ್ಲ ಅಂದ್ರೆ ನಾಳೆ ನಿಮ್ಮ ಒಂದು ಮನೇನೂ ಉಳಿಸಲ್ಲ!"

ಆಚೆ ದಡದಲ್ಲಿ ಹಗ್ಗ ಹಿಡಿದಿದ್ದವರೂ ಹಗ್ಗ ಕೆಳಗಿಟ್ಟರು.

ಅಲೆಯೊಂದು ಬಂದು ಹೆಂಡತಿಯ ಕೈಯಿಂದ ಪಾತ್ರೆ ಕಸಿದುಕೊಂಡು ಹೋಯಿತು. ಆಕೆ ಗಂಡನ ಮುಖವನ್ನೇ ನೋಡಿದರು.

ರಾಯರು ಹಾಯಿಯ ಕಂಬವನ್ನು ತಬ್ಬಿಕೊಂಡು ಎದ್ದರು. "ನಾನು ಆಫೀಸರಲ್ಲ!"

"ಏನು?"

"ಆಫೀಸರಲ್ಲಾ! ನಾನು ಪರದೆ...!" ಗಾಳಿ ಉಳಿದದ್ದನ್ನು ನುಂಗಿತು.

"ಪರದೇಸೀನಾ?"

"ಪರದೇಸಿ ಅಲ್ಲಾ! ಪರದೆ! ಕಿಟಕಿ ಪರದೆ! ಮಾರ್ತೀನಿ! ಪೇಟೆ ಬೀದೀಲಿ ಅಂಗಡಿ!"

ಕೊಲ್ಲಿಯ ಎರಡೂ ದಡಗಳಿಗೆ, ಗುಡ್ಡಕ್ಕೆ, ಐಸ್ ಫ್ಯಾಕ್ಟರಿಯ ಗೋಡೆಗೆ ಬಡಿದು ಆ ಮಾತು ಮೂರು ಸಲ ತಿರುಗಿ ಬಂತು. ಷಡ್ಡಕ ಕೂತುಬಿಟ್ಟ. ಮಾಲೀಕ ಎತ್ತಿದ ಕೈ ಎತ್ತಿದಂತೆಯೇ ನಿಂತ.

ಬಲೆಯಕ್ಕ ಅಷ್ಟಕ್ಕೇ ನಂಬುವವಳಲ್ಲ. "ಜೀವ ಉಳಿಸ್ಕೊಳ್ಳೋಕೆ ಯಾರು ಏನು ಬೇಕಾದ್ರೂ ಹೇಳ್ತಾರೆ! ಪರದೆ ಅಂಗಡಿಯವರಾದ್ರೆ ಹೇಳಿ, ನಮ್ಮನೆ ಕಿಟಕಿ ಮೂರಡಿ ಅಗಲ ಇದೆ. ಎಷ್ಟು ಬಟ್ಟೆ ಬೇಕು?"

ಸೊಂಟದವರೆಗೆ ನೀರಿತ್ತು. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ರಾಯರ ಬೆನ್ನು ನೆಟ್ಟಗಾಯಿತು.

"ಮೂರಡಿ ಅಂತ ನೀವಂದ್ರೆ ಆಯ್ತಾ? ಮೊದಲು ಅಳೀಬೇಕು! ಕಂಬಿ ಚೌಕಟ್ಟಿನ ಒಳಗೋ, ಹೊರಗೋ? ಹೊರಗಾದ್ರೆ ಎರಡೂ ಕಡೆ ಒಂದೊಂದು ಗೇಣು ಜಾಸ್ತಿ! ನೆರಿಗೆ ಬೇಕಾ? ಬೇಕಂದ್ರೆ ಅಗಲದ ಎರಡರಷ್ಟು ಬಟ್ಟೆ! ಬಟ್ಟೆ ಉಳಿಸೋಕೆ ಹೋಗ್ಬೇಡಿ, ಒಣಗಲು ಹಾಕಿದ ಹಸುವಿನ ಚರ್ಮದ ಹಾಗೆ ನೇತಾಡುತ್ತೆ! ಕೆಳಗೆ ಮಡಿಕೆಗೆ ನಾಲ್ಕು ಬೆರಳು ಬಿಡಿ! ಹತ್ತಿ ಬಟ್ಟೆ ಅಂದ್ರೆ ಹೊಲಿಯೋ ಮುಂಚೆ ನೀರಲ್ಲಿ ನೆನೆಸಿ, ಇಲ್ಲಾಂದ್ರೆ ಕುಗ್ಗುತ್ತೆ! ಆಮೇಲೆ ಬಂದು ನನ್ನನ್ನ ಬೈಬೇಡಿ!"

ಬಲೆಯಕ್ಕ ಸೊಂಟದ ಮೇಲಿನ ಕೈ ತೆಗೆದಳು.

"ಇವನು ಸರ್ಕಾರದೋನಲ್ಲ ಕಣ್ರೋ," ಎಂದಳು ಬಲೆಯಕ್ಕ. "ಸರ್ಕಾರದೋರು ಕೇಳಿದ್ದಕ್ಕೆ ಇಷ್ಟು ಉತ್ತರ ಕೊಡೋದುಂಟಾ? ದೋಣಿ ಇಳಿಸಿ!"

ಇಂಜಿನ್ ದೋಣಿ ಅಲೆ ಸೀಳಿಕೊಂಡು ಬಂತು. ಚಪ್ಪಟೆ ತಳದ ದೋಣಿಯಾದ್ದರಿಂದ ಏರುತ್ತಿದ್ದ ತೆಳುನೀರಿನಲ್ಲಿ ಹತ್ತಿರದವರೆಗೂ ಬರಲು ಸಾಧ್ಯವಾಯಿತು. ಮೊದಲು ಮಾವನವರಿಗೆ ಕೈ ಚಾಚಿದರು. ಅವರು ಅಲ್ಲಾಡಲಿಲ್ಲ. "ಗಾಡಿ ಬಿಟ್ಟು ಗಾರ್ಡು ಮೊದಲು ಇಳಿಯೋದಿಲ್ಲ. ಆ ಬೂಟಿಲ್ಲದವನನ್ನ ಕರ್ಕೊಂಡು ಹೋಗಿ," ಎಂದರು. ಷಡ್ಡಕನನ್ನೂ ರಾಯರ ಹೆಂಡತಿಯನ್ನೂ ದಾಟಿಸಿ, ಹಾಯಿದೋಣಿಯ ಮೂತಿಗೆ ಹಗ್ಗ ಬಿಗಿದರು. ಬಕೆಟ್ಟುಗಳು ಬಂದವು. ನಾಲ್ಕು ಜನ ನೀರು ಎರಚಿದರು, ಆರು ಜನ ಎಳೆದರು, ಬಲೆಯಕ್ಕ ಎಲ್ಲರನ್ನೂ ಬೈದಳು. ದೋಣಿ ಅಲುಗಲಿಲ್ಲ. ಇಂಜಿನ್ನು ಹೊಗೆ ಕಾರಿತು. ಹಗ್ಗ ಕಿರುಗುಟ್ಟಿ ಸಣ್ಣಗಾಯಿತು. "ಬಿಡ್ಬೇಡಿ!" ಎಂದು ಆಕೆ ಕಿರುಚಿದ ಹೊತ್ತಿಗೆ ದೊಡ್ಡ ಅಲೆಯೊಂದು ಅಡಿಗೆ ನುಗ್ಗಿ, ಹೊಳೆಯ ಕೆಸರು ಪಚಕ್ಕೆಂದು ತನ್ನ ಹಿಡಿತ ಬಿಟ್ಟಿತು.

ದೋಣಿಯನ್ನು ಎಳೆದು ತಂದದ್ದು ನೇರ ಗುಡ್ಡದ ಬುಡಕ್ಕೆ. ಎರಡು ಲಂಗರು ಹಾಕಿ, ದಡದ ಕಂಬಕ್ಕೂ ಒಂದು ಹಗ್ಗ ಬಿಗಿದರು.

"ಬಂಡೆ?" ಎಂದರು ರಾಯರು, ನಡುಗುತ್ತ.

"ಎಲ್ಲಿಯ ಬಂಡೆ? ಮರಳು ಇದೆ."

"ಸುಳಿ?"

"ಅದು ಅಜ್ಜ ಸೇರಿಸಿದ್ದು," ಎಂದಳು ಬಲೆಯಕ್ಕ. "ನಾವು ಹೇಳಿದ್ದೂ ಸುಳ್ಳು, ನೀವು ಹೇಳದೇ ಇದ್ದದ್ದೂ ಸುಳ್ಳು. ನಡೀರಿ ಒಳಗೆ, ತಲೆ ಒರೆಸ್ಕೊಳ್ಳಿ."

ಬಲೆಯಕ್ಕನ ಮುಂದಿನ ಕೋಣೆಯಲ್ಲಿ ಎಲ್ಲರೂ ಕಂಬಳಿ ಹೊದ್ದು ಕೂತರು. ಹೊರಗೆ ಮಳೆ ಬಾಗಿಲು ಗುದ್ದುತ್ತಿತ್ತು. ಷಡ್ಡಕನಿಗೆ ಮಾತು ಬಂದಿದ್ದೇ ತಡ, "ಅಲ್ಲಪ್ಪಾ ಪರದೆ, ನಿನಗೆ..." ಎಂದು ಶುರು ಮಾಡಿದ. ಆಗಲೇ ಬಾಗಿಲು ತಳ್ಳಿಕೊಂಡು, ತಿರುವುಮುರುವಾದ ಕೊಡೆ ಹಿಡಿದು, ಐಸ್ ಫ್ಯಾಕ್ಟರಿಯ ಮಾಲೀಕ ಒಳಗೆ ಬಂದ. ಸೇತುವೆ ಬಳಸಿ ಓಡಿ ಬಂದಿದ್ದ.

"ಏನು ನಾಜೂಕು ಸಾರ್! ಏನು ನಾಜೂಕು! ನೆರಿಗೆಯಂತೆ, ಮಡಿಕೆಯಂತೆ! ಎಲ್ಲರೂ ನಂಬಿಬಿಟ್ರು!" ಎಂದು ಕೈ ಹಿಡಿದುಕೊಂಡ. "ದೊಡ್ಡ ಆಫೀಸರುಗಳು ಹೀಗೇ ಸಾರ್, ಒಪ್ಕೊಳ್ಳೋದೇ ಇಲ್ಲ."

ಷಡ್ಡಕನ ಅರ್ಧ ಮಾತು ಗಂಟಲಲ್ಲೇ ನಿಂತಿತು. 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ತಿಳಿಯದೆ, ಯಾವ ವಚನಕ್ಕೂ ಸಿಗದಂತೆ, "ಟೀ... ಕುಡಿಯೋದಾ?" ಎಂದ.

"ನೋಡಿ, ನಾನು ಪರದೆ ಮಾರೋನೇ," ಎಂದರು ರಾಯರು. ಮಾಲೀಕ ಕಣ್ಣು ಮಿಟುಕಿಸಿದ. "ದೇವರಾಣೆಗೂ," ಎಂದರು. ಅವನು ಇನ್ನೊಂದು ಕಣ್ಣು ಮಿಟುಕಿಸಿದ. ಕಂಬಳಿಯೊಳಗಿಂದ ಮಾವನವರು ಮುಖ ಹೊರಹಾಕಿದರು.

"ಅವನು ನನ್ನ ಅಳಿಯ. ಪರದೆ ಅಂಗಡಿಯವನು. ಈಗ ನೀವು ಹೊರಡಿ."

ಜೀವಮಾನವೆಲ್ಲ ರೈಲುಗಳನ್ನು ಹೊರಡಿಸಿದ ದನಿ ಅದು. ಮಾಲೀಕ ಹೊರಟ.

ಗಾಳಿ ಇನ್ನೊಂದು ಸುತ್ತು ಜೋರಾಯಿತು. ಹೆಂಡತಿ ಎದ್ದು ಕಿಟಕಿಯ ಬಳಿ ನಿಂತರು. ಮಳೆಯ ಮಬ್ಬಿನಲ್ಲಿ ಹಾಯಿದೋಣಿ ಗಾಳಿಗೆ ಮುಖ ಕೊಟ್ಟು, ಹಗ್ಗ ಜಗ್ಗುತ್ತ, ಏಳುತ್ತ ಬೀಳುತ್ತ ಇತ್ತು. ರಾಯರೂ ಹೋಗಿ ಪಕ್ಕದಲ್ಲಿ ನಿಂತರು.

"ರೀ, ಬೆಳಗಿನವರೆಗೂ ನಿಲ್ಲುತ್ತಾ ಅದು?"

ಕೋಣೆಯಲ್ಲಿ ಎಲ್ಲರೂ ರಾಯರ ಕಡೆ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. ಹಗ್ಗವನ್ನು ನೋಡಿದರು. ಆಕಾಶವನ್ನು ನೋಡಿದರು.

"ಗೊತ್ತಿಲ್ಲ," ಎಂದರು.

ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಹೆಂಡತಿ ಗಾಬರಿಯಾಗಿ, ಜ್ವರ ಬಂತೇನೋ ಎಂದು ಗಂಡನ ಹಣೆ ಮುಟ್ಟಿ ನೋಡಿದರು.